ಓಡೋಕೆ ಯಾರನ್ನ ಕಳಿಸೋದು?

ಬೇಸ್‌ಬಾಲ್ ಬಗ್ಗೆ ಬರೀರಿ ಅಂತ ಈ ಅಂಕಣದ ಓದುಗರು ಯಾರೂ ಇವತ್ತಿನವರೆಗೆ ಕೇಳಿಲ್ಲ. ಮುಂದೆ ಕೇಳೋ ಲಕ್ಷಣವೂ ಕಾಣ್ತಿಲ್ಲ. ಆದರೂ ಬರೀತಿದ್ದೀನಿ. ಯಾಕಂದ್ರೆ ಆ ಆಟದಲ್ಲಿ ನನ್ನ ತಲೆ ಕೊರೆಯೋ ಒಂದು ನಿರ್ಧಾರ ಇದೆ. ಪಂದ್ಯ ಮುಗಿಯೋ ಹೊತ್ತು. ಕೈಯಲ್ಲಿ ಇರೋದು ಒಂದಿಷ್ಟು ಸೆಕೆಂಡ್. ತಂಡದ ಒಳ್ಳೇ ಬ್ಯಾಟರ್ ಒಬ್ಬ ಕಷ್ಟಪಟ್ಟು ಬೇಸ್ ಮೇಲೆ ಬಂದು ನಿಂತಿದ್ದಾನೆ. ಮ್ಯಾನೇಜರ್ ಅವನನ್ನ ವಾಪಸ್ ಕರೆಸಿ, ಇಡೀ ಸಂಜೆ ಬೆಂಚಿನ ಮೇಲೆ ಕೂತಿದ್ದ ಇನ್ನೊಬ್ಬನನ್ನ ಅಲ್ಲಿ ನಿಲ್ಲಿಸಬೇಕಾ, ಬೇಡವಾ?

ಹೀಗೆ ಬರೋನಿಗೆ ಪಿಂಚ್ ರನ್ನರ್ ಅಂತಾರೆ. ಅವನ ಕೆಲಸ ಓಡೋದು, ಅಷ್ಟೇ.

ನಮಗೆ ಇದು ಪೂರ್ತಿ ಹೊಸದಲ್ಲ. ಕ್ರಿಕೆಟ್‌ನಲ್ಲಿ ಬೈ ರನ್ನರ್ ಇದ್ದದ್ದು ನಿಮಗೆ ನೆನಪಿರಬಹುದು. ಬ್ಯಾಟ್ಸ್‌ಮನ್‌ಗೆ ಕಾಲು ನೋವು, ಪಕ್ಕದಲ್ಲಿ ಪ್ಯಾಡ್ ಕಟ್ಟಿಕೊಂಡು ಇನ್ನೊಬ್ಬ, ಮೂರು ಜನ ಸೇರಿ ಗೊಂದಲ ಮಾಡಿಕೊಂಡು ರನ್‌ಔಟ್. 2011ರ ಅಕ್ಟೋಬರ್‌ನಿಂದ ಐಸಿಸಿ ಅಂತಾರಾಷ್ಟ್ರೀಯ ಪಂದ್ಯಗಳಲ್ಲಿ ಅದನ್ನ ನಿಲ್ಲಿಸಿತು. ನಮ್ಮ ಗಲ್ಲಿಗಳಲ್ಲಿ ಮಾತ್ರ ಇನ್ನೂ ನಡೀತಿದೆ.

ಆದರೆ ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸ. ಕ್ರಿಕೆಟ್‌ನ ಬೈ ರನ್ನರ್ ಓಡ್ತಿದ್ದ, ಬ್ಯಾಟ್ ಮಾತ್ರ ಅದೇ ಬ್ಯಾಟ್ಸ್‌ಮನ್ ಕೈಯಲ್ಲೇ ಇರ್ತಿತ್ತು. ಬೇಸ್‌ಬಾಲ್‌ನಲ್ಲಿ ಹಾಗಲ್ಲ. ಒಂದು ಸಲ ಹೊರಗೆ ಹೋದವನು ಆ ಪಂದ್ಯಕ್ಕೆ ಮತ್ತೆ ಬರೋ ಹಾಗೇ ಇಲ್ಲ. ಐಪಿಎಲ್‌ನ ಇಂಪ್ಯಾಕ್ಟ್ ಪ್ಲೇಯರ್ ನಿಯಮ ಗೊತ್ತಲ್ಲ, ಹಾಗೆಯೇ. ಅಂದ್ರೆ ಮ್ಯಾನೇಜರ್ ಕಾಲುಗಳನ್ನ ಕೊಂಡುಕೊಳ್ತಾನೆ, ಅದಕ್ಕೆ ಬೆಲೆಯಾಗಿ ಒಂದು ಬ್ಯಾಟ್ ಕೊಡ್ತಾನೆ. ಪ್ರಶ್ನೆ ಇರೋದು ಯಾವಾಗ ಈ ವ್ಯಾಪಾರ ಲಾಭ ಅನ್ನೋದು.

ಮೊದಲು ಎರಡು ನಿಮಿಷದ ಪಾಠ

ಆಟ ಗೊತ್ತಿಲ್ಲದವರಿಗೆ ಇಷ್ಟು ಸಾಕು. ಒಂಬತ್ತು ಇನ್ನಿಂಗ್ಸ್. ಪ್ರತಿ ಇನ್ನಿಂಗ್ಸ್‌ನಲ್ಲಿ ಎರಡೂ ತಂಡ ಒಂದೊಂದು ಸಲ ಬ್ಯಾಟ್ ಮಾಡುತ್ತೆ, ಮೂರು ಔಟ್ ಆದರೆ ಸರದಿ ಮುಗೀತು. ಮೈದಾನದಲ್ಲಿ ನಾಲ್ಕು ಮೂಲೆ: ಫಸ್ಟ್, ಸೆಕೆಂಡ್, ಥರ್ಡ್ ಬೇಸ್, ಕೊನೆಗೆ ಹೋಂ ಪ್ಲೇಟ್. ಒಂದರಿಂದ ಇನ್ನೊಂದಕ್ಕೆ 90 ಅಡಿ. ನಾಲ್ಕನ್ನೂ ಸುತ್ತಿ ಮನೆಗೆ ಬಂದರೆ ಒಂದು ರನ್. ಪಿಚರ್ ಚೆಂಡು ಎಸೆಯೋ ಹೊತ್ತಿಗೆ ಸರಕ್ಕನೆ ಮುಂದಿನ ಬೇಸ್‌ಗೆ ಓಡಿ ಸೇರಿಕೊಂಡರೆ ಅದಕ್ಕೆ ಬೇಸ್ ಕದಿಯೋದು ಅಂತಾರೆ. ಕಳ್ಳತನವೇ, ಆದರೆ ಸ್ಕೋರ್‌ಬುಕ್‌ನಲ್ಲಿ ಮರ್ಯಾದೆಯಿಂದ ಬರೆದಿಡ್ತಾರೆ.

ಅಮೆರಿಕದ ಮೇಜರ್ ಲೀಗ್‌ನಲ್ಲಿ ಒಂದು ತಂಡಕ್ಕೆ 26 ಆಟಗಾರರು. ಅದರಲ್ಲಿ ಗರಿಷ್ಠ 13 ಪಿಚರ್‌ಗಳು, ಸಾಮಾನ್ಯವಾಗಿ ಎಲ್ಲರೂ ಅಷ್ಟನ್ನೂ ಇಟ್ಕೊಳ್ತಾರೆ. ಉಳಿದ 13ರಲ್ಲಿ 9 ಜನ ಬ್ಯಾಟಿಂಗ್ ಪಟ್ಟಿಯಲ್ಲಿ. ಬೆಂಚಿನಲ್ಲಿ ಮಿಕ್ಕಿದ್ದು ನಾಲ್ಕೇ ಜನ! ಅದರಲ್ಲೂ ಒಬ್ಬ ಕಾಯ್ದಿಟ್ಟ ಕ್ಯಾಚರ್, ಅವನನ್ನ ಸುಮ್ಮನೆ ಖರ್ಚು ಮಾಡೋ ಹಾಗಿಲ್ಲ. ಹಾಗಾಗಿ ಓಡೋಕೆ ಅಂತ ಕಳಿಸಬಹುದಾದವರು ಒಬ್ಬರೋ ಇಬ್ಬರೋ. ತಿಂಗಳ ಕೊನೆಯಲ್ಲಿ ನಮ್ಮ ಅಕೌಂಟ್‌ನಲ್ಲಿ ಉಳಿದಿರೋ ದುಡ್ಡಿನ ಥರ, ಯೋಚನೆ ಮಾಡಿ ತೆಗೀಬೇಕು.

ಎಲ್ಲರಿಗೂ ಗೊತ್ತಿದ್ದ ಕಳ್ಳತನ

ಈ ವಿಷಯ ಮಾತಾಡೋ ಯಾರೇ ಆದರೂ 2004ರ ಅಕ್ಟೋಬರ್ 17ರ ರಾತ್ರಿಗೆ ಹೋಗಲೇಬೇಕು. ಜಾಗ, ಬಾಸ್ಟನ್‌ನ ಫೆನ್ವೇ ಪಾರ್ಕ್. ಬಾಸ್ಟನ್ ರೆಡ್ ಸಾಕ್ಸ್ ಮತ್ತು ನ್ಯೂಯಾರ್ಕ್ ಯಾಂಕೀಸ್ ನಡುವೆ ಏಳು ಪಂದ್ಯಗಳ ಸರಣಿ. ಯಾಂಕೀಸ್ ಮೊದಲ ಮೂರೂ ಗೆದ್ದಾಗಿತ್ತು. ಹಿಂದಿನ ರಾತ್ರಿಯ ಸ್ಕೋರ್ 19–8. ನಾಲ್ಕನೇ ಪಂದ್ಯದ ಒಂಬತ್ತನೇ ಇನ್ನಿಂಗ್ಸ್‌ಗೆ ಬಂದಾಗ ಬಾಸ್ಟನ್ 3–4ರಲ್ಲಿ ಹಿಂದೆ. ಪಿಚಿಂಗ್ ಮಾಡ್ತಿದ್ದದ್ದು ಮರಿಯಾನೋ ರಿವೇರಾ, ಕೊನೇ ಇನ್ನಿಂಗ್ಸ್ ಮುಗಿಸಿಕೊಡೋದರಲ್ಲಿ ಅವನಂಥವನು ಇನ್ನೊಬ್ಬ ಬಂದಿಲ್ಲ ಅಂತ ಹೆಸರಾದವನು.

ಮೊದಲ ಬ್ಯಾಟರ್ ಕೆವಿನ್ ಮಿಲಾರ್‌ಗೆ ವಾಕ್ ಸಿಕ್ತು, ಅಂದ್ರೆ ನಾಲ್ಕು ಕೆಟ್ಟ ಎಸೆತಕ್ಕೆ ಪುಕ್ಕಟೆ ಫಸ್ಟ್ ಬೇಸ್. ಮಿಲಾರ್ ನಿಧಾನದ ಓಟಗಾರ. ಮ್ಯಾನೇಜರ್ ಟೆರಿ ಫ್ರಾಂಕೋನಾ ತಡಮಾಡಲಿಲ್ಲ, ಡೇವ್ ರಾಬರ್ಟ್ಸ್‌ನನ್ನ ಕಳಿಸಿದ. ಆ ವರ್ಷದ ಜುಲೈ ಕೊನೆಯಲ್ಲಷ್ಟೇ ಲಾಸ್ ಏಂಜಲೀಸ್ ಡಾಡ್ಜರ್ಸ್‌ನಿಂದ ಬಂದಿದ್ದವನು ಅವನು.

ರಾಬರ್ಟ್ಸ್ ಬಂದದ್ದು ಕದಿಯೋಕೇ ಅಂತ ಕ್ರೀಡಾಂಗಣದಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತು. ಪಿಚರ್‌ಗೆ ಗೊತ್ತು, ಕ್ಯಾಚರ್‌ಗೆ ಗೊತ್ತು, ಕಡ್ಲೆಕಾಯಿ ಮಾರೋನಿಗೂ ಗೊತ್ತು. ರಿವೇರಾ ಒಂದಲ್ಲ, ಎರಡಲ್ಲ, ಮೂರು ಸಲ ಫಸ್ಟ್ ಬೇಸ್‌ಗೆ ಚೆಂಡೆಸೆದು ಬೆದರಿಸಿದ. ಆಮೇಲೆ ಬ್ಯಾಟರ್ ಕಡೆ ಎಸೆದ ಮೊದಲ ಎಸೆತಕ್ಕೇ ರಾಬರ್ಟ್ಸ್ ಓಡಿದ. ಕ್ಯಾಚರ್ ಹೋರ್ಹೆ ಪೊಸಾಡಾನ ಥ್ರೋ ಚೆನ್ನಾಗಿಯೇ ಇತ್ತು. ರಾಬರ್ಟ್ಸ್ ಕೈ ಕೂದಲೆಳೆಯಷ್ಟು ಮೊದಲು ಸೆಕೆಂಡ್ ಬೇಸ್ ಮುಟ್ಟಿತ್ತು. ಬಿಲ್ ಮುಲ್ಲರ್ ನಡುವೆ ಒಂದು ಸಿಂಗಲ್ ಹೊಡೆದ, ರಾಬರ್ಟ್ಸ್ ಮನೆಗೆ ಬಂದ, 4–4. ಹನ್ನೆರಡನೇ ಇನ್ನಿಂಗ್ಸ್‌ನಲ್ಲಿ ಡೇವಿಡ್ ಓರ್ಟಿಝ್ ಹೋಂ ರನ್ ಹೊಡೆದು ಬಾಸ್ಟನ್ ಗೆದ್ದಿತು. ಆ ಸರಣಿಯ ಮುಂದಿನ ಮೂರನ್ನೂ ಗೆದ್ದಿತು. ಅಲ್ಲಿಂದ ವರ್ಲ್ಡ್ ಸೀರೀಸ್‌ಗೆ ಹೋಗಿ, 1918ರ ನಂತರ ಮೊದಲ ಬಾರಿಗೆ ಕಪ್ ಎತ್ತಿತು.

ಇಷ್ಟನ್ನ ಕೇಳಿದ ಯಾರಿಗಾದರೂ ಅನ್ನಿಸೋದು, 'ಏನು ಧೈರ್ಯ!' ಅಂತ. ನನಗೆ ಅದರಲ್ಲಿ ಧೈರ್ಯಕ್ಕಿಂತ ಹೆಚ್ಚಾಗಿ ಲೆಕ್ಕ ಕಾಣುತ್ತೆ.

ನೂರಕ್ಕೆ 58ರ ಲೆಕ್ಕ

ದಶಕಗಳ ಪಂದ್ಯಗಳ ದಾಖಲೆಯಿಂದ ಬಂದಿರೋ ಸರಿಸುಮಾರು ಅಂಕಿಗಳು ಇವು. ಔಟ್ ಯಾರೂ ಆಗಿಲ್ಲ, ಫಸ್ಟ್ ಬೇಸ್ ಮೇಲೆ ಒಬ್ಬ ಇದ್ದಾನೆ ಅಂದ್ರೆ, ಆ ಇನ್ನಿಂಗ್ಸ್‌ನಲ್ಲಿ ಕನಿಷ್ಠ ಒಂದು ರನ್ ಬರೋದು ನೂರಕ್ಕೆ 43 ಸಲ. ಅದೇ ಮನುಷ್ಯ ಸೆಕೆಂಡ್ ಬೇಸ್ ಮೇಲಿದ್ರೆ ನೂರಕ್ಕೆ 62 ಸಲ. ಕದಿಯೋಕೆ ಹೋಗಿ ಸಿಕ್ಕಿಬಿದ್ರೆ, ಅಂದ್ರೆ ಬೇಸ್ ಖಾಲಿ, ಒಂದು ಔಟ್ ಆದ್ರೆ, ನೂರಕ್ಕೆ 17.

ಈಗ ನೋಡಿ. ನಿಂತಲ್ಲೇ ನಿಂತ್ರೆ ಕೈಯಲ್ಲಿ 43 ಇದೆ. ಓಡಿದ್ರೆ ಸಿಗೋದು 62, ಅಥವಾ ಉಳಿಯೋದು 17. ಗೆಲ್ಲೋದು 19, ಕಳ್ಕೊಳ್ಳೋದು 26. ಎರಡೂ ಸರಿಹೋಗಬೇಕಂದ್ರೆ ನೂರಕ್ಕೆ 58 ಸಲ ಕಳ್ಳತನ ಸಫಲ ಆಗ್ಬೇಕು. ಅದಕ್ಕಿಂತ ಮೇಲಿದ್ರೆ ಓಡು, ಕೆಳಗಿದ್ರೆ ಸುಮ್ಮನಿರು.

ಇದು ಒಂದೇ ಒಂದು ರನ್ ಬೇಕಾಗಿರೋ ಹೊತ್ತಿನ ಲೆಕ್ಕ. ಮೂರನೇ ಇನ್ನಿಂಗ್ಸ್‌ನಲ್ಲಿ, ಎಷ್ಟು ಬಂದರೂ ಬರಲಿ ಅನ್ನೋ ಹೊತ್ತಿನಲ್ಲಿ, ಈ ಗೆರೆ ಶೇ. 70ರ ಆಸುಪಾಸಿಗೆ ಏರುತ್ತೆ. ಯಾಕಂದ್ರೆ ಆಗ ಒಂದು ಔಟ್ ಕಳ್ಕೊಂಡ್ರೆ ದೊಡ್ಡ ಇನ್ನಿಂಗ್ಸೇ ಕೈತಪ್ಪಬಹುದು. ಕೊನೆಯಲ್ಲಿ ಪಿಂಚ್ ರನ್ನರ್‌ಗೆ ಬೆಲೆ ಬರೋದು ಇದಕ್ಕೇ. ಅವನೇನೂ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಜಾಸ್ತಿ ವೇಗವಾಗಿ ಓಡಲ್ಲ. ಪಂದ್ಯವೇ ಒಂದು ರನ್‌ನಷ್ಟು ಚಿಕ್ಕದಾಗಿರುತ್ತೆ.

2004ರ ಇಡೀ ಋತುವಿನಲ್ಲಿ ರಾಬರ್ಟ್ಸ್ 41 ಸಲ ಕದಿಯೋಕೆ ಹೋಗಿ 38 ಸಲ ಸಫಲ ಆಗಿದ್ದ. ಶೇ. 90ರ ಮೇಲೆ. ಬೇಕಿದ್ದದ್ದು 58. ಫ್ರಾಂಕೋನಾ ಜೂಜಾಡಲಿಲ್ಲ ಅಂತ ನಾನು ಹೇಳೋದು ಇದಕ್ಕೇ.

ಇಂಥ ಓಟದಲ್ಲಿ ಸಮಯ ಎಷ್ಟು ಬಿಗಿ ಅಂತಾನೂ ಹೇಳಿಬಿಡ್ತೀನಿ. ಪಿಚರ್ ಕೈ ಚಲಿಸಿ ಚೆಂಡು ಕ್ಯಾಚರ್ ಕೈಗೆ ಸೇರೋಕೆ 1.3 ಸೆಕೆಂಡ್ ಆಸುಪಾಸು. ಕ್ಯಾಚರ್ ಎದ್ದು ಎಸೆದು ಚೆಂಡು ಸೆಕೆಂಡ್ ಬೇಸ್ ಸೇರೋಕೆ ಇನ್ನೊಂದು 2 ಸೆಕೆಂಡ್. ಒಟ್ಟು 3.3. ನಾವು ಒಂದು ಓಟಿಪಿ ಟೈಪ್ ಮಾಡೋಕೆ ಇದಕ್ಕಿಂತ ಹೆಚ್ಚು ಹೊತ್ತು ತಗೋತೀವಿ.

ಕದಿಯೋದಷ್ಟೇ ಕೆಲಸ ಅಲ್ಲ

ಪಿಂಚ್ ರನ್ನರ್ ಅಂದ ತಕ್ಷಣ ಕಳ್ಳತನವೇ ನೆನಪಾಗುತ್ತೆ. ಆದರೆ ಒಂದೂ ಬೇಸ್ ಕದಿಯದೆ ಅವನು ತನ್ನ ಸಂಬಳ ದುಡಿಯಬಲ್ಲ.

ಸೆಕೆಂಡ್ ಬೇಸ್ ಮೇಲೆ ನಿಂತವನನ್ನೇ ತಗೊಳ್ಳಿ. ಬ್ಯಾಟರ್ ಸಿಂಗಲ್ ಹೊಡೆದ. ಇವನು ಥರ್ಡ್ ದಾಟಿ ಮನೆಗೆ ಬರಬೇಕು. ಒಂದಿಷ್ಟು ಮುಂದೆ ನಿಂತಿದ್ದ ಅಂತಿಟ್ಕೊಂಡ್ರೂ ಸುಮಾರು 160 ಅಡಿ. ಮೇಜರ್ ಲೀಗ್‌ನಲ್ಲಿ ಸರಾಸರಿ ಆಟಗಾರನ ಪೂರ್ಣ ವೇಗ ಸೆಕೆಂಡಿಗೆ 27 ಅಡಿ. ಮಿಂಚಿನಂತೋರು 30 ಮುಟ್ತಾರೆ. ದಪ್ಪಗಿರೋ ಕ್ಯಾಚರ್ ಒಬ್ಬ 24 ಅಂತಿಟ್ಕೊಳ್ಳಿ. 160 ಅಡಿಗೆ ಅವನಿಗೆ 6.7 ಸೆಕೆಂಡ್, ಮಿಂಚಿನವನಿಗೆ 5.3. ನಡುವೆ 1.4 ಸೆಕೆಂಡ್. ದೂರದಿಂದ ಬರೋ ಥ್ರೋಗೆ ಇದು ತುಂಬಾ ದೊಡ್ಡ ಅಂತರ. ಒಬ್ಬ ಕುಪ್ಪಳಿಸಿಕೊಂಡು ಮನೆ ಸೇರೋ ಹೊಡೆತಕ್ಕೆ ಇನ್ನೊಬ್ಬ ಥರ್ಡ್ ಬೇಸಲ್ಲೇ ಕೈ ಕಟ್ಟಿ ನಿಲ್ತಾನೆ.

ರಾಬರ್ಟ್ಸ್ ಕಥೆಯಲ್ಲಿ ಜನ ಮರೆಯೋ ಭಾಗ ಇದು. ಮರುದಿನ ಐದನೇ ಪಂದ್ಯದಲ್ಲೂ ಎಂಟನೇ ಇನ್ನಿಂಗ್ಸ್‌ನಲ್ಲಿ ಅವನು ಮಿಲಾರ್ ಬದಲಿಗೆ ಓಡೋಕೆ ಬಂದ. ಬಾಸ್ಟನ್ ಮತ್ತೆ 3–4ರಲ್ಲಿ ಹಿಂದೆ. ಈ ಸಲ ಕದಿಯಲಿಲ್ಲ. ಟ್ರಾಟ್ ನಿಕ್ಸನ್‌ನ ಸಿಂಗಲ್‌ಗೆ ಫಸ್ಟ್‌ನಿಂದ ನೇರ ಥರ್ಡ್‌ಗೆ ಓಡಿದ, ಆಮೇಲೆ ಜೇಸನ್ ವ್ಯಾರಿಟೆಕ್ ಎತ್ತಿ ಹೊಡೆದ ಚೆಂಡು ಕ್ಯಾಚ್ ಆದ ಕೂಡಲೇ ಮನೆಗೆ ಬಂದ. ಮತ್ತೆ 4–4, ಮತ್ತೆ ಬಾಸ್ಟನ್ ಗೆಲುವು. ಈ ಓಟಕ್ಕೆ ಪುಸ್ತಕದಲ್ಲಿ ಕಳ್ಳತನ ಅಂತ ಏನೂ ದಾಖಲಾಗಿಲ್ಲ, ರನ್ ಮಾತ್ರ ಬಂದಿದೆ.

ಯಾರ ರನ್ ಮುಖ್ಯ?

ಹಾಗಾದ್ರೆ ನಿಧಾನದವನು ಬೇಸ್ ಮೇಲಿದ್ದಾಗೆಲ್ಲ ಬದಲಾಯಿಸಿಬಿಡೋದಾ? ಬೇಡ. ಮೊದಲು ಕೇಳಬೇಕಾದ ಪ್ರಶ್ನೆ, ಈ ಮನುಷ್ಯನ ರನ್‌ನಿಂದ ಏನಾಗುತ್ತೆ?

2013ರ ವರ್ಲ್ಡ್ ಸೀರೀಸ್, ನಾಲ್ಕನೇ ಪಂದ್ಯ, ಅಕ್ಟೋಬರ್ 27. ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡ ಬಾಸ್ಟನ್ ಎದುರು 2–4ರಲ್ಲಿ ಹಿಂದೆ. ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಅಲೆನ್ ಕ್ರೇಗ್ ಒಂದು ಹಿಟ್ ಹೊಡೆದು ಕುಂಟುತ್ತಾ ಫಸ್ಟ್ ಬೇಸ್ ಸೇರಿದ. ಅವನ ಪಾದಕ್ಕೆ ಮೊದಲೇ ಪೆಟ್ಟಾಗಿತ್ತು. ಅವನ ಬದಲಿಗೆ ಹೊಸ ಹುಡುಗ ಕೋಲ್ಟನ್ ವಾಂಗ್ ಬಂದ. ಎರಡು ಔಟ್ ಆದ ಮೇಲೆ ಬ್ಯಾಟಿಂಗ್‌ಗೆ ಬಂದವನು ಕಾರ್ಲೋಸ್ ಬೆಲ್ಟ್ರಾನ್. ಅಕ್ಟೋಬರ್ ತಿಂಗಳಲ್ಲಿ ದೊಡ್ಡ ಹೊಡೆತಗಳಿಗೇ ಹೆಸರಾದವನು, ಅವನ ಒಂದು ಹೋಂ ರನ್‌ಗೆ ಪಂದ್ಯ ಸಮ.

ಅಂದ್ರೆ ಮುಖ್ಯವಾದ ರನ್ ಇದ್ದದ್ದು ಬೆಲ್ಟ್ರಾನ್ ಬ್ಯಾಟಿನಲ್ಲಿ, ವಾಂಗ್ ಕಾಲಿನಲ್ಲಿ ಅಲ್ಲ. ವಾಂಗ್ ಒಬ್ಬನೇ ಮನೆಗೆ ಬಂದ್ರೆ 3–4 ಆಗ್ತಿತ್ತು, ಅಷ್ಟೇ. ಆದರೆ ಅವನು ಬೇಸ್‌ನಿಂದ ಒಂದು ಹೆಜ್ಜೆ ಜಾಸ್ತಿ ಮುಂದೆ ಹೋಗಿದ್ದ. ಪಿಚರ್ ಕೋಜಿ ಉಯೆಹಾರಾ ತಿರುಗಿ ಫಸ್ಟ್‌ಗೆ ಎಸೆದ. ವಾಂಗ್ ವಾಪಸ್ ತಿರುಗುವಾಗ ಕಾಲು ಜಾರಿತು. ಔಟ್. ಪಂದ್ಯ ಮುಗೀತು. ಬೆಲ್ಟ್ರಾನ್ ಬ್ಯಾಟ್ ಹಿಡಿದು ನಿಂತೇ ಇದ್ದ. ಹೀಗೆ ಪಿಕ್ ಆಫ್‌ನಿಂದ ಮುಗಿದ ವರ್ಲ್ಡ್ ಸೀರೀಸ್ ಪಂದ್ಯ ಅದುವರೆಗೆ ಒಂದೂ ಇರಲಿಲ್ಲ.

ಪೆಟ್ಟಾದವನನ್ನ ಬದಲಾಯಿಸಿದ್ದು ಸರಿಯೇ. ಕುಂಟೋನಿಗೆ ಸೆಕೆಂಡ್ ಬೇಸ್ ತಲುಪೋದೂ ಕಷ್ಟ. ಆದರೆ ಓಡೋಕೆ ಬಂದವನಿಗೆ ಅವತ್ತು ಇದ್ದದ್ದು ಒಂದೇ ಕೆಲಸ, ಔಟ್ ಆಗದೆ ಇರೋದು. ಬೇಗ ಓಡೋನನ್ನ ಕಳಿಸಿದ ಮಾತ್ರಕ್ಕೆ ಓಡಲೇಬೇಕು ಅಂತೇನಿಲ್ಲ. ಅದನ್ನ ಅವನಿಗೆ ಹೇಳಿ ಕಳಿಸೋದೂ ನಿರ್ಧಾರದ ಭಾಗವೇ.

ಬರೀ ವೇಗ ಇದ್ರೆ ಸಾಲದು ಅನ್ನೋದಕ್ಕೆ ಇದಕ್ಕಿಂತ ಹಳೇ ಸಾಕ್ಷಿ ಇದೆ. 1974ರಲ್ಲಿ ಓಕ್ಲೆಂಡ್ ಎ'ಸ್ ತಂಡದ ಮಾಲೀಕ ಚಾರ್ಲಿ ಫಿನ್ಲಿ, ಹರ್ಬ್ ವಾಷಿಂಗ್ಟನ್ ಅನ್ನೋ ಸ್ಪ್ರಿಂಟರ್‌ನನ್ನ ಬರೀ ಓಡೋಕೆ ಅಂತಲೇ ತಂಡಕ್ಕೆ ತಗೊಂಡ. ಎರಡು ವರ್ಷದಲ್ಲಿ 105 ಪಂದ್ಯ, ಒಂದೇ ಒಂದು ಸಲವೂ ಬ್ಯಾಟಿಂಗ್ ಇಲ್ಲ! ಅವನ ಚಿತ್ರ ಇರೋ ಕಾರ್ಡಿನಲ್ಲಿ ಆಡೋ ಸ್ಥಾನದ ಜಾಗದಲ್ಲಿ 'ಪಿಂಚ್ ರನ್' ಅಂತಲೇ ಅಚ್ಚಾಗಿತ್ತು. 31 ಬೇಸ್ ಕದ್ದ, 17 ಸಲ ಸಿಕ್ಕಿಬಿದ್ದ. ಶೇ. 65ರಷ್ಟು. ಮೇಲಿನ ಲೆಕ್ಕ ಹಿಡಿದು ನೋಡಿ: ಒಂದೇ ರನ್ ಬೇಕಾದಾಗ ಲಾಭ, ಬೇರೆ ಹೊತ್ತಿನಲ್ಲಿ ನಷ್ಟ. ಆ ವರ್ಷದ ವರ್ಲ್ಡ್ ಸೀರೀಸ್ ಎರಡನೇ ಪಂದ್ಯದಲ್ಲಿ, ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಪಂದ್ಯ ಸಮ ಮಾಡೋ ರನ್ ಆಗಿ ಫಸ್ಟ್ ಬೇಸ್ ಮೇಲೆ ನಿಂತಿದ್ದಾಗ, ಪಿಚರ್ ಮೈಕ್ ಮಾರ್ಷಲ್ ಅವನನ್ನ ಪಿಕ್ ಆಫ್ ಮಾಡಿದ. ಆ ಪಂದ್ಯ ಓಕ್ಲೆಂಡ್ ಸೋತಿತು, ಕಪ್ ಮಾತ್ರ ಗೆದ್ದಿತು. ಟ್ರ್ಯಾಕ್ ಮೇಲೆ ಗುಂಡಿನ ಸದ್ದಿಗೆ ಓಡೋದು ಬೇರೆ, ಪಿಚರ್‌ನ ಭುಜ, ಹಿಮ್ಮಡಿ ನೋಡಿ ಓಡೋದೇ ಬೇರೆ.

ಅಪ್ಪನ ಪ್ರಶ್ನೆ

ಈಗ ಬೆಲೆಯ ವಿಷಯಕ್ಕೆ ಬರೋಣ. ಕಳೆದುಕೊಂಡ ಬ್ಯಾಟ್‌ನ ಬೆಲೆ.

2025ರ ನವೆಂಬರ್ 2, ಭಾನುವಾರ. ಮಧ್ಯಾಹ್ನ ನವಿ ಮುಂಬೈಯಲ್ಲಿ ನಮ್ಮ ಹೆಣ್ಣುಮಕ್ಕಳ ವಿಶ್ವಕಪ್ ಫೈನಲ್ ಇತ್ತು. ಅಪ್ಪ ಬೆಳಿಗ್ಗೆಯೇ ಕಾಫಿ ಲೋಟ ಹಿಡ್ಕೊಂಡು ಸೋಫಾ ಮೇಲೆ ಬಂದು ಕೂತ್ರು. ಟೀವಿಯಲ್ಲಿ ಟೊರಾಂಟೋದ ವರ್ಲ್ಡ್ ಸೀರೀಸ್ ಏಳನೇ ಪಂದ್ಯ ನಡೀತಿತ್ತು. ಅಲ್ಲಿ ಶನಿವಾರ ರಾತ್ರಿ. ಬ್ಲೂ ಜೇಸ್ ಮತ್ತು ಡಾಡ್ಜರ್ಸ್ 4–4. ಒಂಬತ್ತನೇ ಇನ್ನಿಂಗ್ಸ್, ಬ್ಲೂ ಜೇಸ್ ಬ್ಯಾಟಿಂಗ್, ಒಂದು ಔಟ್. ಬೋ ಬಿಶೆಟ್ ಒಂದು ಹಿಟ್ ಹೊಡೆದು ಫಸ್ಟ್ ಬೇಸ್‌ಗೆ ಬಂದ. ಮೂರನೇ ಇನ್ನಿಂಗ್ಸ್‌ನಲ್ಲಿ ಶೊಹೆಯಿ ಒಟಾನಿ ಎಸೆದ ಚೆಂಡನ್ನ ಮೂರು ರನ್‌ನ ಹೋಂ ರನ್ ಆಗಿ ಹೊಡೆದವನು ಇವನೇ. ಈಗ ಅವನನ್ನ ಹೊರಗೆ ಕರೆಸಿ ಐಸಾಯಾ ಕೈನರ್-ಫಲೇಫಾನನ್ನ ಓಡೋಕೆ ಕಳಿಸಿದ್ರು.

"ಅಲ್ವೋ, ಅಷ್ಟು ಚೆನ್ನಾಗಿ ಹೊಡೀತಿರೋನನ್ನೇ ಯಾಕೆ ಹೊರಗೆ ಕಳಿಸಿದ್ರು?" ಅಪ್ಪ ಕೇಳಿದ್ರು.

"ಮಂಡಿ ನೋವಿದೆ ಅಪ್ಪ. ಓಡೋಕಾಗಲ್ಲ. ಇನ್ನೊಂದು ರನ್ ಬಂದ್ರೆ ಕಪ್ ಇವರದ್ದೇ."

"ಬರದೆ ಇದ್ರೆ?"

ಬರದೆ ಇದ್ರೆ? ಇಡೀ ವಿಷಯ ಈ ಎರಡು ಪದದಲ್ಲಿದೆ.

ಮುಂದೆ ಆದದ್ದು ಹೀಗೆ. ಮೂರೂ ಬೇಸ್ ತುಂಬಿತು, ಕೈನರ್-ಫಲೇಫಾ ಥರ್ಡ್ ಬೇಸ್ ಮೇಲೆ. ಡಾಲ್ಟನ್ ವಾರ್ಶೋ ನೆಲದ ಮೇಲೆ ಹೊಡೆದ ಚೆಂಡನ್ನ ಮಿಗೆಲ್ ರೋಹಾಸ್ ಹಿಡಿದು ಮನೆಗೆ ಎಸೆದ. ಬೇಸ್‌ಗೆ ತುಂಬಾ ಹತ್ತಿರ ನಿಂತಿದ್ದ ಕೈನರ್-ಫಲೇಫಾ ಕೆಲವೇ ಅಂಗುಲಗಳಲ್ಲಿ ಔಟ್. ಕಾಲು ಬೇಕಿದ್ದ ಜಾಗದಲ್ಲಿ ಕಾಲೇ ಇತ್ತು, ಹೊರಟ ಜಾಗ ಮಾತ್ರ ಒಂದು ಹೆಜ್ಜೆ ಹಿಂದಿತ್ತು. ಮುಂದಿನ ಬ್ಯಾಟರ್ ಕ್ಯಾಚ್ ಆದ. ಪಂದ್ಯ ಮುಂದುವರೀತು.

ಬ್ಯಾಟಿಂಗ್ ಪಟ್ಟಿ ಒಂಬತ್ತು ಜನರ ಚಕ್ರ. ಓಡೋಕೆ ಬಂದವನ ಸರದಿ ಎಂಟು ಬ್ಯಾಟರ್ ಆದ ಮೇಲೆ ಮತ್ತೆ ಬಂದೇ ಬರುತ್ತೆ. ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ಡಾಡ್ಜರ್ಸ್‌ನ ವಿಲ್ ಸ್ಮಿತ್ ಹೋಂ ರನ್ ಹೊಡೆದು 5–4 ಮಾಡಿದ. ಬ್ಲೂ ಜೇಸ್ ಸರದಿಯಲ್ಲಿ ವ್ಲಾಡಿಮಿರ್ ಗೆರೆರೋ ಜೂನಿಯರ್ ಮೊದಲಿಗೇ ಡಬಲ್ ಹೊಡೆದು ಸೆಕೆಂಡ್ ಬೇಸ್ ಸೇರಿದ. ಮುಂದಿನ ಬ್ಯಾಟರ್ ಯಾರು? ಬಿಶೆಟ್ ಇರಬೇಕಿದ್ದ ಜಾಗ. ಬಂದವನು ಕೈನರ್-ಫಲೇಫಾ. ಚೆಂಡನ್ನ ಮೆಲ್ಲಗೆ ತಟ್ಟಿ ತಾನು ಔಟಾಗಿ ಗೆರೆರೋನನ್ನ ಥರ್ಡ್‌ಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಒಂದು ಡಬಲ್ ಪ್ಲೇ, ಕಪ್ ಡಾಡ್ಜರ್ಸ್‌ಗೆ.

ಅಪ್ಪ ಲೋಟ ಕೆಳಗಿಟ್ಟು ಹೇಳಿದ್ರು, "ಆ ಹೊಡೆದೋನು ಹೊರಗೆ ಕೂತು ಇದನ್ನೆಲ್ಲ ನೋಡಬೇಕಲ್ಲೋ, ಅದೇ ಸಂಕಟ."

ಈ ಮಾತಿಗೆ ನನ್ನ ಹತ್ರ ಲೆಕ್ಕ ಇರಲಿಲ್ಲ.

ಆದರೆ ನಿರ್ಧಾರ? ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಪಂದ್ಯ ಸಮ, ಸ್ವಂತ ಮೈದಾನ, ಒಂಬತ್ತನೇ ಇನ್ನಿಂಗ್ಸ್‌ನ ಕೆಳಭಾಗ. ಪಿಂಚ್ ರನ್ನರ್‌ಗೆ ಇದಕ್ಕಿಂತ ಶುದ್ಧವಾದ ಸಂದರ್ಭ ಇಲ್ಲ. ಆ ರನ್ ಬಂದ ಕ್ಷಣವೇ ಪಂದ್ಯ ಮುಗೀತು, ಮತ್ತೆ ಬ್ಯಾಟ್ ಬೇಕಾಗಲ್ಲ, ಫೀಲ್ಡಿಂಗ್ ಬೇಕಾಗಲ್ಲ. ಅದೇ ಒಂದು ರನ್ ಹಿಂದಿದ್ರೆ ಆ ಓಟ ಪಂದ್ಯವನ್ನ ಸಮ ಮಾಡುತ್ತೆ ಅಷ್ಟೇ, ಕೊಟ್ಟ ಬ್ಯಾಟ್‌ನ ನೆನಪು ಹತ್ತನೇ ಇನ್ನಿಂಗ್ಸ್‌ನಲ್ಲಿ ಕಾಡಬಹುದು. ಎದುರಾಳಿ ಮೈದಾನದಲ್ಲಾದರೆ ರನ್ ಬಂದ ಮೇಲೂ ಮೂರು ಔಟ್ ತೆಗೀಬೇಕು, ಹೋದವನ ಜಾಗದಲ್ಲಿ ಫೀಲ್ಡಿಂಗ್‌ಗೆ ಯಾರು ನಿಲ್ತಾರೆ ಅನ್ನೋದೂ ಮೊದಲೇ ಗೊತ್ತಿರಬೇಕು.

ಬದಲಾದ ನಿಯಮ, ಬದಲಾದ ಬೆಲೆ

2023ರಿಂದ ಈ ಲೆಕ್ಕ ಓಡೋರ ಕಡೆ ವಾಲಿದೆ. ಬೇಸ್‌ಗಳ ಅಗಲ 15 ಅಂಗುಲದಿಂದ 18ಕ್ಕೆ ಹೋಯ್ತು. ಫಸ್ಟ್‌ನಿಂದ ಸೆಕೆಂಡ್‌ಗೆ ನಾಲ್ಕೂವರೆ ಅಂಗುಲ ಕಮ್ಮಿ. ಅದಕ್ಕಿಂತ ದೊಡ್ಡದು, ಒಬ್ಬ ಬ್ಯಾಟರ್ ಇರುವಷ್ಟು ಹೊತ್ತಿನಲ್ಲಿ ಪಿಚರ್ ಎರಡೇ ಸಲ ಬೇಸ್ ಕಡೆ ಎಸೆದು ಬೆದರಿಸಬಹುದು. ಮೂರನೇ ಸಲ ಎಸೆದು ಔಟ್ ಮಾಡದಿದ್ರೆ ಓಟಗಾರನಿಗೆ ಮುಂದಿನ ಬೇಸ್ ಪುಕ್ಕಟೆ. ರಿವೇರಾ ಆವತ್ತು ಮೂರು ಸಲ ಎಸೆದಿದ್ದ ಅಂತ ಹೇಳಿದ್ನಲ್ಲ? ಇವತ್ತಿನ ನಿಯಮದಲ್ಲಿ ರಾಬರ್ಟ್ಸ್ ಓಡದೆಯೇ, ನಡೆದುಕೊಂಡು ಸೆಕೆಂಡ್ ಬೇಸ್‌ಗೆ ಹೋಗ್ತಿದ್ದ!

2022ರಲ್ಲಿ ಇಡೀ ಲೀಗ್‌ನಲ್ಲಿ ಕದ್ದ ಬೇಸ್‌ಗಳು 2,486. 2023ರಲ್ಲಿ 3,503. ಸಫಲತೆ ಶೇ. 80ರ ಆಸುಪಾಸು. ಲೀಗ್‌ನ ಸರಾಸರಿಯೇ 80 ಅಂದ ಮೇಲೆ, 58ರ ಗೆರೆ ದಾಟೋಕೆ ಕಷ್ಟ ಏನಿದೆ?

ಇನ್ನೊಂದು ಬದಲಾವಣೆ ಹೆಚ್ಚುವರಿ ಇನ್ನಿಂಗ್ಸ್‌ದು. 2020ರಿಂದ ಲೀಗ್ ಪಂದ್ಯಗಳಲ್ಲಿ ಹತ್ತನೇ ಇನ್ನಿಂಗ್ಸ್‌ನಿಂದ ಸೆಕೆಂಡ್ ಬೇಸ್ ಮೇಲೆ ಒಬ್ಬನನ್ನ ನಿಲ್ಲಿಸಿಯೇ ಆಟ ಶುರು. ಪಟ್ಟಿಯಲ್ಲಿ ಮೊದಲ ಬ್ಯಾಟರ್‌ಗಿಂತ ಹಿಂದಿನವನು ಆ ಜಾಗಕ್ಕೆ ಬರ್ತಾನೆ, ನಿಧಾನದವನಾದ್ರೆ ಅವನಿಗೂ ಪಿಂಚ್ ರನ್ನರ್ ಕಳಿಸಬಹುದು. ಹಾಗಾಗಿ ಎಂಟನೇ ಇನ್ನಿಂಗ್ಸ್‌ನಲ್ಲೇ ಆತುರಪಟ್ಟು ಓಟಗಾರನನ್ನ ಖರ್ಚು ಮಾಡಿದ್ರೆ, ಹತ್ತರಲ್ಲಿ ಕೈ ಹಿಸುಕಿಕೊಳ್ಳಬೇಕಾಗುತ್ತೆ. ಪ್ಲೇಆಫ್‌ನಲ್ಲಿ ಈ ಸೌಲಭ್ಯ ಇಲ್ಲ, ಅಲ್ಲಿ ಖಾಲಿ ಬೇಸ್‌ನಿಂದಲೇ ಶುರು.

ಐದು ಪ್ರಶ್ನೆ

ಕೋಡ್ ಬರೆಯೋರ ಅಭ್ಯಾಸ, ಕೊನೆಗೆ ಎಲ್ಲವನ್ನೂ ಚೆಕ್‌ಲಿಸ್ಟ್ ಮಾಡದೆ ನಿದ್ದೆ ಬರಲ್ಲ. ನಾನು ಪಂದ್ಯ ನೋಡುವಾಗ ಕೇಳ್ಕೊಳ್ಳೋದು ಇಷ್ಟು.

ಒಂದು, ಇವನ ರನ್ ಪಂದ್ಯವನ್ನ ಸಮ ಮಾಡುತ್ತಾ ಅಥವಾ ಗೆಲ್ಲಿಸುತ್ತಾ? ಎರಡೂ ಇಲ್ಲ ಅಂದ್ರೆ, ಪೆಟ್ಟಾಗಿಲ್ಲದಿದ್ರೆ, ಮುಟ್ಟೋದೇ ಬೇಡ.

ಎರಡು, ಹೋಗೋನಿಗೂ ಬರೋನಿಗೂ ಓಟದಲ್ಲಿ ವ್ಯತ್ಯಾಸ ಎಷ್ಟು? ಸಾಧಾರಣ ಓಟಗಾರನ ಬದಲಿಗೆ ಸ್ವಲ್ಪ ಒಳ್ಳೇ ಓಟಗಾರ ಅಂದ್ರೆ ದುಡ್ಡು ದಂಡ.

ಮೂರು, ನಿಂತಿರೋದು ಎಲ್ಲಿ? ಫಸ್ಟ್ ಮತ್ತು ಸೆಕೆಂಡ್ ಬೇಸ್ ಮೇಲೆ ಕಾಲಿಗೆ ಬೆಲೆ ಜಾಸ್ತಿ. ಥರ್ಡ್ ಬೇಸ್‌ನಿಂದ ಒಂದು ಹಿಟ್‌ಗೆ ಯಾರಾದ್ರೂ ನಡೆದೇ ಬರ್ತಾರೆ.

ನಾಲ್ಕು, ಪಂದ್ಯ ಮುಂದುವರಿದ್ರೆ ಈ ಸರದಿ ಯಾವಾಗ ವಾಪಸ್ ಬರುತ್ತೆ, ಆಗ ಬ್ಯಾಟ್ ಯಾರ ಕೈಯಲ್ಲಿರುತ್ತೆ?

ಐದು, ಇವನನ್ನ ಕಳಿಸಿದ ಮೇಲೆ ಬೆಂಚಲ್ಲಿ ಏನು ಉಳಿಯುತ್ತೆ?

ನಮ್ಮ ಕೆಲಸದಲ್ಲಿ ಹೆಚ್ಚಿನದಕ್ಕೆ ರಿವರ್ಟ್ ಇದೆ. ರಿಲೀಸ್ ರಾತ್ರಿ ಎರಡು ಗಂಟೆಗೆ ಸುಸ್ತಾದ ಸೀನಿಯರ್‌ನ 'ನೀವು ಮಲಗಿ ಸಾರ್, ನಾವು ನೋಡ್ಕೋತೀವಿ' ಅಂತ ಕಳಿಸಿದ್ರೂ, ಬೆಂಕಿ ಹತ್ತಿದ್ರೆ ಫೋನ್ ಮಾಡಿ ಎಬ್ಬಿಸ್ತೀವಿ. ಹಾಗಾಗಿ ರಿವರ್ಟ್ ಇಲ್ಲದ ನಿರ್ಧಾರ ಎದುರಾದಾಗ ನಮಗೆ ಕೈ ಕಟ್ಟಿ ಹಾಕಿದ ಹಾಗಾಗುತ್ತೆ. ಊರಿಗೆ ವಾಪಸ್ ಹೋಗೋದಾ, ಇರೋ ಕೆಲಸ ಬಿಡೋದಾ, ಅಪ್ಪನ ಮಂಡಿ ಆಪರೇಷನ್ ಈಗ ಮಾಡಿಸೋದಾ. ಅಲ್ಲೂ ಇದೇ ಕ್ರಮ ನನಗೆ ಸಹಾಯ ಮಾಡಿದೆ. ಗೆದ್ರೆ ಎಷ್ಟು, ಸೋತ್ರೆ ಎಷ್ಟು, ಆಮೇಲೆ ಕೈಯಲ್ಲಿ ಏನಿರುತ್ತೆ. ಇಷ್ಟು ಕೇಳಿ ತಗೊಂಡ ನಿರ್ಧಾರ ಅಂಗುಲದಲ್ಲಿ ತಪ್ಪಿದ್ರೆ, ಅದು ತಪ್ಪಿದ ಅಂಗುಲ ಅಷ್ಟೇ. ನಿರ್ಧಾರಾನೂ ತಪ್ಪು ಅಂತ ಆಗಲ್ಲ.

ಒಂದು ಮಾತು ಬಾಕಿ ಇದೆ. ಕಾಯೋರ ಬಗ್ಗೆ.

ರಾಬರ್ಟ್ಸ್‌ಗೆ ಕದಿಯೋದು ಕಲಿಸಿದವನು ಮೌರಿ ವಿಲ್ಸ್, ಹಳೇ ಕಾಲದ ದೊಡ್ಡ ಬೇಸ್ ಕಳ್ಳ. ಇಡೀ ಕ್ರೀಡಾಂಗಣಕ್ಕೆ ನೀನು ಓಡ್ತೀಯ ಅಂತ ಗೊತ್ತಿರೋ ದಿನವೊಂದು ಬರುತ್ತೆ, ಅವತ್ತು ಹೆದರಬೇಡ ಅಂತ ಅವನು ಮೊದಲೇ ಹೇಳಿಟ್ಟಿದ್ದನಂತೆ. ಆ ದಿನ ಬಂದಾಗ ರಾಬರ್ಟ್ಸ್ ತಯಾರಿದ್ದ. ಆ ಸರಣಿಯಲ್ಲಿ ಅವನು ಒಂದು ಸಲವೂ ಬ್ಯಾಟ್ ಹಿಡಿಯಲಿಲ್ಲ. ನಂತರದ ವರ್ಲ್ಡ್ ಸೀರೀಸ್‌ನಲ್ಲಿ ಮೈದಾನಕ್ಕೇ ಇಳಿಯಲಿಲ್ಲ. ಆದರೂ ಬಾಸ್ಟನ್‌ನಲ್ಲಿ ಅವನ ಹೆಸರು ಗೊತ್ತಿಲ್ಲದವರು ಸಿಗಲ್ಲ.

ಮತ್ತೆ ಟೊರಾಂಟೋದಲ್ಲಿ ಆ ರಾತ್ರಿ ಕೈನರ್-ಫಲೇಫಾ ಫಸ್ಟ್ ಬೇಸ್‌ಗೆ ಬಂದು ನಿಂತಾಗ, ಎದುರು ತಂಡದ ಮ್ಯಾನೇಜರ್ ಆಗಿ ಅದನ್ನ ನೋಡ್ತಿದ್ದದ್ದು ಯಾರು ಗೊತ್ತಾ? ಇದೇ ಡೇವ್ ರಾಬರ್ಟ್ಸ್. ಆ ಬೇಸ್ ಮೇಲೆ ಒಬ್ಬಂಟಿಯಾಗಿ ನಿಲ್ಲೋದು ಹೇಗಿರುತ್ತೆ ಅಂತ ಅಲ್ಲಿದ್ದವರಲ್ಲಿ ಅವನಷ್ಟು ಗೊತ್ತಿದ್ದವರು ಯಾರೂ ಇರಲಿಲ್ಲ.

ನೀವಾಗಿದ್ರೆ ಬಿಶೆಟ್‌ನ ಉಳಿಸಿಕೊಳ್ತಿದ್ರಾ? ಬರೆದು ಕಳಿಸಿ. ನಾನಂತೂ ಓಡೋನನ್ನೇ ಕಳಿಸ್ತಿದ್ದೆ. ಥರ್ಡ್ ಬೇಸ್ ಹತ್ರ ಮಾತ್ರ, ಇನ್ನೊಂದು ಹೆಜ್ಜೆ ಮುಂದೆ ನಿಲ್ಲು ಮಾರಾಯ ಅಂತ ಕೂಗಿ ಹೇಳ್ತಿದ್ದೆ.